ಸೊಟ್ಟ ಅಂಚಿನ ಪರದೆ

ಮಗಳು ದೊಡ್ಡದೊಂದು ಖಾಲಿ ಚೀಲ ಹಿಡಿದೇ ಬಂದಿದ್ದಳು. ಅಮ್ಮನ ಬಟ್ಟೆಬರೆಯನ್ನೆಲ್ಲ ಅದರಲ್ಲಿ ತುಂಬಿ, ಇವತ್ತೇ ಅವಳನ್ನು ಮನೆಗೆ ವಾಪಸ್ಸು ಕರೆದುಕೊಂಡು ಹೋಗುವುದೆಂದು ನಿಶ್ಚಯ. ಅಮ್ಮ ಈ ವೃದ್ಧಾಶ್ರಮ ಸೇರಿ ಇನ್ನೂ ವಾರ ತುಂಬಿರಲಿಲ್ಲ. ಬಚ್ಚಲಲ್ಲಿ ಜಾರಿ, ಮಗಳು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮುಗಿಸಿ ಬರುವವರೆಗೂ ಅಲ್ಲೇ ಬಿದ್ದಿದ್ದವಳು, ಚೇತರಿಸಿಕೊಂಡ ಮೇಲೆ ತಾನಾಗಿಯೇ "ನನ್ನನ್ನ ಅಲ್ಲಿಗೆ ಸೇರಿಸು" ಅಂದಿದ್ದಳು. ಸೇರಿಸಿದ್ದೇನೋ ಆಯಿತು, ಅಂದಿನಿಂದ ಮಗಳಿಗೆ ಊಟ ಸೇರುತ್ತಿರಲಿಲ್ಲ.

ಊಟದ ಹಾಲಿಗೆ ಕಾಲಿಟ್ಟವಳು ಹಾಗೇ ನಿಂತಳು. ಕಿಟಕಿಗೆ ಹೊಸ ಪರದೆ. ಅದರ ಕೆಳಗಂಚಿನ ಹೊಲಿಗೆ ಹಾವು ಹರಿದ ಹಾಗಿತ್ತು. ಯಾರ ಕೈ ಎಂದು ಕೇಳಬೇಕಾಗಿರಲಿಲ್ಲ.

ಅರ್ಧ ಊರಿಗೆ ಅಂಗಿ ಹೊಲಿದುಕೊಟ್ಟ ಕೈ ಅದು. ನಡುಕ ಶುರುವಾದ ಮೇಲೂ ಅಮ್ಮ ಸೂಜಿ ಬಿಟ್ಟಿರಲಿಲ್ಲ. ಅವಳು ಅಡ್ಡಾಗಿ ಕಣ್ಣು ಮುಚ್ಚಿದ ಕೂಡಲೇ ಮಗಳು ಆ ಹೊಲಿಗೆಯನ್ನೆಲ್ಲ ಬಿಚ್ಚಿ, ನೆಟ್ಟಗೆ ಹೊಲಿದು, ಇದ್ದಲ್ಲೇ ಇಡುತ್ತಿದ್ದಳು. ವರ್ಷಗಟ್ಟಲೆ ಹೀಗೇ. ಅಮ್ಮನ ಕೈ ಸೋತಿದೆಯೆಂದು ಅಮ್ಮನಿಗೇ ತಿಳಿಯಬಾರದು, ಅಷ್ಟೇ. ಈಗ ನೋಡಿದರೆ ಆ ಸೋಲನ್ನು ಎಲ್ಲರೂ ಕೂತು ಉಣ್ಣುವ ಕಡೆ ತೂಗುಹಾಕಿದ್ದಾರೆ!

ಕೈಚೀಲದಿಂದ ಪುಟ್ಟ ಕತ್ತರಿ ತೆಗೆದು, ಪರದೆ ಕಳಚಲು ಕುರ್ಚಿ ಹತ್ತಿದಳು.

"ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ, ಒಳಗೆ ಬನ್ನಿ!"

ತಿರುಗಿದರೆ ಕಂಡಕ್ಟರಣ್ಣ. ಬಸ್ಸಿನಿಂದ ಇಳಿದು ಎಷ್ಟೋ ಕಾಲವಾಗಿದ್ದರೂ ಹೆಸರು ಮಾತ್ರ ಅವರಿಂದ ಇಳಿದಿರಲಿಲ್ಲ. ಅವರ ಹೆಂಡತಿ ಇಲ್ಲೇ ಒಂದು ಕೋಣೆಯಲ್ಲಿದ್ದಾರೆ. ಹೊಸದಾಗಿ ಸೇರಿದವರ ಮನೆಯವರನ್ನು ಹುಡುಕಿ ಹಿಡಿದು, ಚಹಾ ಕುಡಿಸಿ, ಅಳುವವರನ್ನು ಅಳಲು ಬಿಟ್ಟು ಪಕ್ಕದಲ್ಲಿ ಕೂರುವ ಕೆಲಸವನ್ನು ಅವರು ತಾವಾಗಿಯೇ ಮೈಮೇಲೆ ಹಾಕಿಕೊಂಡಿದ್ದರು.

"ಇದನ್ನ ಯಾಕೆ ಹಾಕಿದ್ರಿ? ನೋಡಿದವರು ನಗಲ್ವಾ?" ಎಂದಳು ಮಗಳು, ಇಳಿದು ಅದೇ ಕುರ್ಚಿಯಲ್ಲಿ ಕೂರುತ್ತ.

"ನಕ್ಕರು. ಎಲ್ಲರಿಗಿಂತ ಜೋರಾಗಿ ನಿಮ್ಮಮ್ಮನೇ ನಕ್ಕಿದ್ದು."

"ಸುಮ್ನೆ ಹೇಳ್ಬೇಡಿ."

"ಕತ್ತರಿ ನೋಡಿದ್ರೆ ಗೊತ್ತಾಗುತ್ತೆ, ನಾನೂ ನಿಮ್ಮ ಹಾಗೇ ಮಾಡ್ದೋನು, ತಾಯಿ. ನಮ್ಮವಳು ಮಾತಿಗೆ ತಡಕಾಡೋದು ನೋಡಕ್ಕಾಗದೆ ಅವಳ ಮಾತೆಲ್ಲ ನಾನೇ ಮುಗಿಸ್ತಿದ್ದೆ. ಕೊನೆಗೆ ಅವಳು ಶುರು ಮಾಡೋದನ್ನೇ ಬಿಟ್ಬಿಟ್ಲು." ಕಂಡಕ್ಟರಣ್ಣ ಚಹಾದ ಲೋಟ ಮುಂದೆ ತಳ್ಳಿದರು. "ಈಗ ಕಾಯ್ತೀನಿ. ನಿನ್ನೆ ಒಂದು ಪೂರ್ತಿ ಬೈಗುಳ ಬೈದ್ಲು. ಏನು ಚೆಂದ ಇತ್ತು ಅಂತೀರಿ!"

ಮಗಳಿಗೆ ನಗು ಬಂತು, ಅದರ ಬೆನ್ನಿಗೇ ಅಳು. ಅವರು ಸಮಾಧಾನ ಹೇಳಲು ಹೋಗಲಿಲ್ಲ. ಚಹಾ ಆರಿದರೂ ಎದ್ದು ಹೋಗಲಿಲ್ಲ.

ಅಷ್ಟರಲ್ಲಿ ಕೋಲೂರಿಕೊಂಡು ಅಮ್ಮ ಬಂದಳು. ಅವಳ ಕಣ್ಣು ನೇರ ಹೋದದ್ದು ಕತ್ತರಿಯ ಮೇಲೆ.

"ಇಲ್ಲಿಗೂ ತಂದ್ಯೇನೇ ಅದನ್ನ?"

"ನಿಂಗೆ ಗೊತ್ತಿತ್ತಾ?"

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ್ರೆ ಯಾರಿಗೂ ಕಾಣಲ್ವಾ? ನನ್ನ ಹೊಲಿಗೆ ನಂಗೆ ಗೊತ್ತಾಗಲ್ವೇನೇ? ನೀನು ಹಾಕೋ ಗಂಟು ಯಾವತ್ತಿದ್ರೂ ಕಡಲೆಕಾಳಿನಷ್ಟು ದಪ್ಪ!"

"ಮತ್ತೆ ಹೇಳ್ಲಿಲ್ಲ ಯಾಕೆ?"

"ಹೇಳಿದ್ರೆ ನೀನು ನೊಂದ್ಕೊಳ್ತಿದ್ದೆ. ಅದಕ್ಕೇ ಮಲಗಿದ ಹಾಗೆ ನಟಿಸ್ತಿದ್ದೆ. ದುಡಿದು ಸುಸ್ತಾಗಿ ಬಂದು ನೀನು ಹೊಲಿಯೋದು, ನಾನು ಸುಳ್ಳು ನಿದ್ದೆ ಮಾಡೋದು. ಸಾಕಾಗಿತ್ತು ಕಣೇ. ಇಲ್ಲಿ ನಂದು ಸೊಟ್ಟ ಅಂದ್ರೆ ಸೊಟ್ಟ. ಯಾರೂ ಬಿಚ್ಚಲ್ಲ."

ಇಷ್ಟು ವರ್ಷ ತಾನು ಅಮ್ಮನನ್ನು ಕಾಯುತ್ತಿದ್ದೇನೆ ಅಂದುಕೊಂಡಿದ್ದಳು. ಕಣ್ಣು ಮುಚ್ಚಿ ಮಲಗಿಕೊಂಡೇ ಅಮ್ಮ ತನ್ನನ್ನು ಕಾದಿದ್ದಳು. ಕೂತಲ್ಲಿಂದಲೇ ಮಗಳು, ಕೋಲು ಹಿಡಿದು ನಡುಗುತ್ತ ನಿಂತ ಆ ಮುದುಕಿಯನ್ನು ಬೆಟ್ಟ ನೋಡುವ ಹಾಗೆ ತಲೆಯೆತ್ತಿ ನೋಡಿದಳು.

"ಈ ಚೀಲ ಯಾಕೆ?" ಅಂದಳು ಅಮ್ಮ.

"ಅದು..." ಮಗಳು ಕಂಡಕ್ಟರಣ್ಣನ ಮುಖ ನೋಡಿದಳು. ಅವರು ಮಾತು ಮುಗಿಸಿಕೊಡಲಿಲ್ಲ. ಕಾದರು.

"ನಿನ್ನನ್ನ ಮನೆಗೆ ಕರ್ಕೊಂಡು ಹೋಗೋಣ ಅಂತ ತಂದೆ, ಅಮ್ಮಾ."

ಅಮ್ಮ ಚೀಲ ಎಳೆದುಕೊಂಡು ತಿರುಗಿಸಿ ನೋಡಿದಳು. "ಹಿಡಿ ಕಿತ್ತು ಬಂದಿದೆ. ನನ್ನ ಸಂಸಾರ ಹೊರೋ ಚೀಲವಾ ಇದು? ಬಿಟ್ಟು ಹೋಗು, ಹೊಲಿದಿಡ್ತೀನಿ. ಭಾನುವಾರ ಬಂದು ತಗೊಂಡು ಹೋಗುವಂತೆ. ಈಗ ಸೂಜಿಗೆ ದಾರ ಪೋಣಿಸಿಕೊಡು, ಅದೊಂದು ಮಾತ್ರ ನನ್ನ ಕೈಲಾಗಲ್ಲ."

ಮಗಳು ದಾರ ಪೋಣಿಸಿಕೊಟ್ಟು, ಚೀಲವನ್ನು ಅಲ್ಲೇ ಬಿಟ್ಟು ಎದ್ದಳು. ಗಂಟನ್ನು ಅಮ್ಮನೇ ಹಾಕಿಕೊಂಡಳು.