ಅರ್ಧ ಚಿತ್ರಕ್ಕಷ್ಟೇ ಬೆಳಕು

ನನ್ನ ಮೈ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ದೂರದ ಕಾರ್ಖಾನೆಯೊಂದರಲ್ಲಿ ನಾವಿಬ್ಬರು ಜೋಡಿಯಾಗಿ ಹುಟ್ಟಿದೆವು. ನಾನು ಟ್ರಿಗರ್, ಕ್ಯಾಮೆರಾದ ತಲೆಯ ಮೇಲೆ ಕೂರುವವನು. ನನ್ನ ಒಡಹುಟ್ಟಿದವನು ರಿಸೀವರ್, ದೂರದ ಸ್ಟ್ಯಾಂಡಿನ ಮೇಲೆ ಫ್ಲ್ಯಾಶ್ ದೀಪದ ಕಾಲಬುಡದಲ್ಲಿ ಕೂರುವವನು. ನಡುವೆ ತಂತಿಯಿಲ್ಲ. ಗುಂಡಿ ಒತ್ತಿದೊಡನೆ ನಾನು ಗಾಳಿಯಲ್ಲಿ ಒಂದು ಸೂಚನೆ ಕಳಿಸುತ್ತೇನೆ; ಅವನು ದೀಪವನ್ನು ಹೊಳೆಸುತ್ತಾನೆ. ನಮಗೆ ಬರುವ ವಿದ್ಯೆ ಇಷ್ಟೇ.

ಮೊದಲು ನಮ್ಮನ್ನು ಕೊಂಡವರು ಧಾರವಾಡದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಮುಧೋಳ ಸರ್. ಕತ್ತಲೆ ಕೋಣೆಯಲ್ಲಿ ನೀರಿನ ಹನಿ ಬೀಳುವುದನ್ನು ಹಿಡಿಯುವುದು ಅವರ ಗೀಳು. ಕ್ಯಾಮೆರಾದೊಳಗೆ ಎರಡು ಪರದೆಗಳಿವೆ, ಒಂದು ತೆರೆಯುತ್ತ ಹೋಗುತ್ತದೆ, ಇನ್ನೊಂದು ಅದರ ಬೆನ್ನಿಗೇ ಮುಚ್ಚುತ್ತ ಬರುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದರು. ವೇಗ ಸೆಕೆಂಡಿನ ಇನ್ನೂರನೇ ಒಂದು ಭಾಗದವರೆಗೆ ಇದ್ದರೆ ಇಡೀ ಕಿಟಕಿ ಒಂದು ಕ್ಷಣ ಪೂರ್ತಿ ತೆರೆದಿರುತ್ತದೆ. ದೀಪ ಆಗ ಹೊಳೆಯಬೇಕು. ಅದಕ್ಕೂ ವೇಗ ಹೆಚ್ಚಿದರೆ ತೆರೆಯುವ ಪರದೆ ದಾರಿ ಮುಗಿಸುವ ಮೊದಲೇ ಮುಚ್ಚುವ ಪರದೆ ಹೊರಟುಬಿಡುತ್ತದೆ. ಆಗ ದೀಪದ ಬೆಳಕು ಚಿತ್ರದ ಒಂದು ಪಾಲಿಗೆ ಮಾತ್ರ ದಕ್ಕುತ್ತದೆ. ಆ ವೇಗಕ್ಕೆ ಹೊಂದಿ ದೀಪವನ್ನು ಎಡೆಬಿಡದೆ ಮಿಡಿಸುವ ಟ್ರಿಗರುಗಳೂ ಇವೆಯಂತೆ. ನಾನು ಆ ಜಾತಿಯವನಲ್ಲ.

ಸರ್ ನಿವೃತ್ತರಾದಾಗ ನಾವು ಫ್ಲ್ಯಾಶ್ ಸಮೇತ ಲಕ್ಷ್ಮೇಶ್ವರದ ಫೋಟೋಗ್ರಾಫರ್ ರಾಚಪ್ಪನ ಕೈಸೇರಿದೆವು. ಮದುವೆ, ಸೀಮಂತ, ಶಾಲೆಯ ಗ್ರೂಪ್ ಫೋಟೋ, ಎಲ್ಲಕ್ಕೂ ನಾವೇ. ಕ್ಯಾಮೆರಾದ ಮೇಲೆ ಕೂತವನಿಗೆ ತನ್ನ ಧಣಿಯ ಹಣೆ ಬಲು ಹತ್ತಿರ. ಅವನ ಹಣೆಯ ಬೆವರು ನನಗೆ ಚೆನ್ನಾಗಿ ಗೊತ್ತು. ಆದರೆ ನಾನು ಕಾಯುತ್ತಿದ್ದದ್ದು ಸ್ಟುಡಿಯೋಗೆ ಚಹಾ ತರುತ್ತಿದ್ದ ಅವನ ಹೆಂಡತಿ ನೀಲಗಂಗಾಳ ದನಿಗೆ.

ನೀಲಗಂಗಾ ಹದಿನೇಳರ ಹುಡುಗಿಯಾಗಿದ್ದಾಗ ಹಗ್ಗದ ಮಲ್ಲಗಂಬದಲ್ಲಿ ಊರಿಗೆಲ್ಲ ಹೆಸರಾದವಳು. ತೂಗುವ ಹಗ್ಗವನ್ನು ಸರಸರ ಏರಿ, ಕಾಲಲ್ಲಿ ಸುತ್ತಿ ಬಿಗಿದು, ಎರಡೂ ಕೈ ಬಿಟ್ಟು ತಲೆಕೆಳಗಾಗಿ ತೂಗುತ್ತಿದ್ದಳು. ಅದರ ಗುರುತಾಗಿ ಉಳಿದದ್ದು ಪತ್ರಿಕೆಯ ಒಂದು ತುಣುಕು ಮಾತ್ರ. ಬೆನ್ನ ಹಿಂದೆ ಬಿಸಿಲಿದ್ದುದರಿಂದ ಅದರಲ್ಲಿ ಮುಖ ಇದ್ದ ಜಾಗ ಬರೀ ಕಪ್ಪು.

"ಬಾವಲಿ ಭಾಳ ಚಂದ ಬಂದೈತಿ," ಎಂದು ರಾಚಪ್ಪ ಕಾಡಿಸುತ್ತಿದ್ದ.

"ಬಾವಲಿನ ಕಟಗೊಂಡ ನೀವು ಗೂಗಿ," ಎನ್ನುತ್ತಿದ್ದಳು ಅವಳು. ನಕ್ಕು, ಮತ್ತೆ ಆ ತುಣುಕನ್ನೇ ನೋಡುತ್ತಿದ್ದಳು. "ಖರೇ ಹೇಳ್ರಿ. ಆಗ ನನ್ನ ಮುಖ ಹೆಂಗಿರತಿತ್ತು? ನನಗೊಬ್ಬಾಕಿಗೇ ಅದು ಕಂಡಿಲ್ಲ."

ಒಂದು ದಿನ ಅವಳು ಹಳೆಯ ವ್ಯಾಯಾಮ ಶಾಲೆಗೆ ಹೋಗಿ ಹಗ್ಗ ಹಿಡಿದಳು. ವಯಸ್ಸು ಮೂವತ್ತೆಂಟು, ಒಂದು ಮೊಣಕಾಲು ಬಾತಿತ್ತು. ಆದರೂ ಬಿಡದೆ ಅಭ್ಯಾಸ ಮಾಡಿದಳು. ಒಂದೇ ಒಂದು ಫೋಟೋ ಬೇಕು, ಬಿಸಿಲು ಬೆನ್ನಿಗಿದ್ದರೂ ಮುಖ ಕಾಣಬೇಕು. ರಾಚಪ್ಪ ಲೆಕ್ಕ ಹಾಕಿದ. ಹಗ್ಗ ತೂಗುತ್ತದೆ, ಇನ್ನೂರನೇ ಒಂದರ ವೇಗದಲ್ಲಿ ಚಿತ್ರ ಮಸುಕು. ವೇಗ ಹೆಚ್ಚಿಸಬೇಕು, ಮುಖಕ್ಕೆ ಫ್ಲ್ಯಾಶೂ ಬೇಕು. ಅಂದರೆ ಹೊಸ ಟ್ರಿಗರ್ ಬೇಕು.

ಹುಬ್ಬಳ್ಳಿಯ ಅಂಗಡಿಗೆ ನನ್ನನ್ನೂ ಒಯ್ದ. ಅಂಗಡಿಯವ ಗಾಜಿನ ಮೇಲೆ ನಾಲ್ಕೈದು ಹರವಿದ.

"ನಿಮ್ಮ ಕ್ಯಾಮೆರಾಕ್ಕ ಇದು ಹೊಂದತೈತ್ರಿ. ಆದ್ರ ಕ್ಯಾಮೆರಾ, ಟ್ರಿಗರ್, ಫ್ಲ್ಯಾಶ್ ಮೂರೂ ಒಂದ ಭಾಷಾ ಮಾತಾಡಬೇಕ್ರಿ. ಫ್ಲ್ಯಾಶ್ ಯಾವುದೈತಿ?"

"ಅದೇನ್ ಕೇಳ್ತೀರಿ? ಪ್ರೊಫೆಸರ್ ವಾಪರಿಸಿದ್ದು. ಎಲ್ಲಾ ಮಾಡತೈತಿ," ಎಂದ ರಾಚಪ್ಪ, ಗತ್ತಿನಿಂದ.

ಅದು ಎಲ್ಲ ಮಾಡುತ್ತಿರಲಿಲ್ಲ. ನೀರಿನ ಹನಿಗೆ ಒಂದು ಮಿಂಚು ಸಾಕಾಗಿತ್ತು. ಆ ದೀಪಕ್ಕೆ ಮಿಡಿಯಲು ಬರುತ್ತಿರಲಿಲ್ಲ. ಗೊತ್ತಿದ್ದ ನನಗೆ ಬಾಯಿರಲಿಲ್ಲ.

ಆ ಸಂಜೆ ವ್ಯಾಯಾಮ ಶಾಲೆಯ ಬಯಲಿನಲ್ಲಿ ಕಬ್ಬಿಣದ ಚೌಕಟ್ಟಿಗೆ ಹಗ್ಗ ಬಿಗಿದಿತ್ತು. ನೀಲಗಂಗಾ ಸಲ್ವಾರಿನ ಮೇಲೆ ಓಢಣಿ ಬಿಗಿದು ನಿಂತಳು. ಹೊಸ ಟ್ರಿಗರನ್ನು ಕ್ಯಾಮೆರಾ ಗುರುತಿಸಿತು, ಗುರುತಿಸಿದ್ದರಿಂದಲೇ, ದೀಪಕ್ಕೆ ಮಿಡಿಯಲು ಬಾರದೆಂದು, ವೇಗವನ್ನು ಇನ್ನೂರಕ್ಕೆ ಕಟ್ಟಿಹಾಕಿತು. ರಾಚಪ್ಪ ವೇಗದ ಗಾಲಿ ತಿರುವಿದ, ಬೈದ, ಟ್ರಿಗರ್ ತೆಗೆದು ಊದಿದ. ಒಂದಂಕಿಯೂ ಮೇಲೇರಲಿಲ್ಲ.

"ಬದಲಿಸ್ಕೊಂಡು ಬರ್ತೀನಿ, ಮುಂದಿನ ವಾರ ಮಾಡೂಣು."

"ಇವತ್ತು ಮೊಣಕಾಲು ಒಪ್ಪೇತಿ. ಮುಂದಿನ ವಾರದ್ದು ಅದನ್ನ ಕೇಳ್ರಿ," ಎಂದಳು.

ಅವನು ನಮ್ಮಿಬ್ಬರನ್ನೂ ಚೀಲದಿಂದ ತೆಗೆದು, ಒಡಹುಟ್ಟಿದವನನ್ನು ದೀಪದ ಬುಡಕ್ಕೆ, ನನ್ನನ್ನು ಕ್ಯಾಮೆರಾದ ಮೇಲೆ ಕೂರಿಸಿದ. ನನ್ನಂಥ ಅನಕ್ಷರಸ್ಥ ತನ್ನ ತಲೆಯ ಮೇಲೆ ಕೂತಿರುವುದೇ ಕ್ಯಾಮೆರಾಕ್ಕೆ ತಿಳಿಯುವುದಿಲ್ಲ. ತಿಳಿಯದಿದ್ದರೆ ಕಟ್ಟುವುದೂ ಇಲ್ಲ. ವೇಗ ನಾನೂರಕ್ಕೇರಿತು. ಅವಳು ಏರಿದಳು, ತಿರುವಿದಳು, ಕೈ ಬಿಟ್ಟಳು. ನಾನು ಸೂಚನೆ ಕಳಿಸಿದೆ. ದೀಪ ಹೊಳೆಯಿತು.

ಚಿತ್ರದ ಮೇಲಿನ ಅರ್ಧಕ್ಕಷ್ಟೇ ಬೆಳಕು ಬಿದ್ದಿತ್ತು. ತಲೆಕೆಳಗಾಗಿದ್ದವಳ ಮುಖ ಕೆಳಗಿನ ಅರ್ಧದಲ್ಲಿತ್ತು.

"ಮುಖಾನ ಕತ್ತಲಿ," ಎಂದು ರಾಚಪ್ಪ ನರಳಿದ. "ಕಾಲು ಮಾತ್ರ ಮದುಮಗಳಂಗ ಹೊಳ್ಯಾಕತ್ತಾವ."

"ಕಾಲಿನ ಫೋಟೋ ತಗಸಾಕ ಏರೀನೇನು ನಾ?" ಅವಳು ಮೇಲಿನಿಂದಲೇ ಬೈದಳು, ರಕ್ತ ಇಳಿದು ಕೆನ್ನೆ ಕೆಂಪಾಗಿತ್ತು. "ನಾ ತಲಿಕೆಳಗ ಆಗೇನಿ, ನಿಮ್ಮ ಪೆಟಗೀನೂ ತಲಿಕೆಳಗ ಮಾಡ್ರಿ ಅತ್ಲಾಗ!"

ಸಿಟ್ಟಿನ ಮಾತು ಅದು. ರಾಚಪ್ಪ ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಕ್ಯಾಮೆರಾವನ್ನು ನಿಜವಾಗಿಯೂ ಬುಡಮೇಲು ಮಾಡಿದ. ಬೆಳಕಿನ ಅರ್ಧ ಕೆಳಗೆ ಬಂತು. ನಾನೂ ಕ್ಯಾಮೆರಾದ ಕೆಳಗೆ ಜೋತುಬಿದ್ದೆ. ನನ್ನ ಪಾಲಿಗೆ ಲೋಕ ತಲೆಕೆಳಗಾಯಿತು, ನೀಲಗಂಗಾ ನೆಟ್ಟಗಾದಳು. ಗುಂಡಿ ಒತ್ತಿದ.

ಅವಳು ಇಳಿದು, ಕುಂಟುತ್ತ ಬಂದು, ಕ್ಯಾಮೆರಾ ಇಸಿದುಕೊಂಡಳು. ಪರದೆಯ ಮೇಲೆ ಅವಳು ನೆಟ್ಟಗೆ ನಿಂತಿದ್ದಳು. ಕೂದಲು ಜ್ವಾಲೆಯಂತೆ ಮೇಲಕ್ಕೆ ಹಾರಿತ್ತು. ಕಾಲ ಕೆಳಗೆ ಆಕಾಶ. ಮುಖ ಸ್ಪಷ್ಟವಾಗಿತ್ತು, ಕಿವಿಯ ಬಳಿಯ ನರೆಗೂದಲೂ ಸಹ.

ಬಹಳ ಹೊತ್ತು ನೋಡಿದಳು.

"ಚೊಲೋ ಬಂದೈತ್ರಿ." ದನಿಯಲ್ಲಿ ಹಿಗ್ಗಿರಲಿಲ್ಲ.

"ಮತ್ತೇನಾತು ನೀಲಾ?"

"ನನ್ನ ಮುಖ ನೋಡಬೇಕಂತ ಇಷ್ಟ್ ವರ್ಷ ಜೀವ ಹಂಬಲಸ್ತಿತ್ತು. ನೋಡಿದ ಮ್ಯಾಲೆ ತಿಳೀತು. ನೋಡೂದಕ್ಕಲ್ಲ, ನಾ ಹಂಬಲಸ್ತಿದ್ದು ಅಲ್ಲಿ ಇರೂದಕ್ಕ."

ಕ್ಯಾಮೆರಾ ಮರಳಿಸಿ ಹಗ್ಗದ ಕಡೆ ನಡೆದಳು. "ಮೊಣಕಾಲು..." ಎಂದ ರಾಚಪ್ಪ. ಅವಳು ತಿರುಗಲಿಲ್ಲ. ಅವನು ರೂಢಿಯಂತೆ ಕ್ಯಾಮೆರಾ ಎತ್ತಿದ.

"ಬ್ಯಾಡ್ರಿ. ಈ ಸಲ ಸುಮ್ನ ನೋಡ್ರಿ."

ಅವನು ಕ್ಯಾಮೆರಾವನ್ನು ಎದೆಯ ಮೇಲೆ ಇಳಿಬಿಟ್ಟ. ಅದು ನೆಲದತ್ತ ಬಾಗಿತು. ನನಗೆ ಕಂಡದ್ದು ಕಪ್ಪು ಮಣ್ಣು, ಅದರ ಮೇಲೆ ತೂಗುವ ಉದ್ದನೆಯ ನೆರಳು. ನೆರಳಿನ ಕೈಗಳು ಹರಡಿಕೊಂಡವು. ರಾಚಪ್ಪನ ಎದೆ ಕ್ಯಾಮೆರಾದ ಬೆನ್ನಿಗೆ ಬಡಿಯುತ್ತಿತ್ತು.

ಈಗ ಸ್ಟುಡಿಯೋದಲ್ಲಿ ಹೊಸ ಫ್ಲ್ಯಾಶ್ ಇದೆ, ಹೊಸ ಟ್ರಿಗರಿನೊಡನೆ ಅದರ ಮಾತು ಕೂಡಿದೆ. ನಾನೂ ನನ್ನ ಒಡಹುಟ್ಟಿದವನೂ ಮೇಜಿನ ಕೆಳಗಿನ ಖಾನೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದ್ದೇವೆ. ಆ ಸಂಜೆ ಅವನು ದೀಪದ ಸ್ಟ್ಯಾಂಡಿನ ಮೇಲೆಯೇ ಇದ್ದ, ಹಗ್ಗದ ಎದುರಿಗೆ. ಯಾರಿಗಾಗಿಯೂ ಅಲ್ಲದೆ ಕೈಬಿಟ್ಟು ತೂಗಿದ ನೀಲಗಂಗಾಳ ಮುಖವನ್ನು ಅವನು ನೋಡಿದ್ದಾನೆ.

ಹೇಗಿತ್ತು ಎಂದು ಕೇಳಬೇಕೆಂದು ಎಷ್ಟೋ ಸಲ ಅನಿಸುತ್ತದೆ. ಆದರೆ ಕಳಿಸುವುದು ನನ್ನ ಕೆಲಸ, ಕೇಳಿಸಿಕೊಳ್ಳುವುದು ಅವನದು. ಅವನಿಂದ ನನ್ನ ಕಡೆಗೆ ದಾರಿಯನ್ನೇ ಇಟ್ಟಿಲ್ಲ.