ಐವತ್ತೆಂಟರ ಬೆಲೆ

"ಹೊರಗೆ ಕೂತ್ಕೊಳ್ಳಿ, ಕರೀತೀನಿ," ಎಂದರು ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರು, ತಲೆ ಎತ್ತದೆ.

"ಆಗಲೇ ಅರ್ಧ ಗಂಟೆ ಕೂತಿದ್ದೆ, ಸರ್."

"ಹಾಗಾದ್ರೆ ಅಭ್ಯಾಸ ಆಗಿರ್ಬೇಕು."

ಅವಳು ಕದಲಲಿಲ್ಲ. ಮೇಜಿನ ಆಚೆ ಕೂತಿದ್ದವರು ಅವಳ ಅಪ್ಪ. ಬೆಳಿಗ್ಗೆ ಇಬ್ಬರೂ ಒಂದೇ ಅಡುಗೆಮನೆಯಲ್ಲಿ ನಿಂತು ಕಾಫಿ ಕುಡಿದು, ಒಂದೇ ರಸ್ತೆಯಲ್ಲಿ ಬೇರೆ ಬೇರೆಯಾಗಿ ನಡೆದು ಬಂದಿದ್ದರು. ಕಾಲೇಜಿನ ಮಾತು ಮನೆಗೆ ಬರಕೂಡದು, ಮನೆಯ ಸಲಿಗೆ ಕಾಲೇಜಿಗೆ ಬರಕೂಡದು ಎಂಬುದು ಅವಳು ಇಲ್ಲಿ ಓದಲು ಸೇರಿದಾಗ ಅವರು ಹಾಕಿದ ಕಟ್ಟಳೆ. ಪದವಿ ಮುಗಿದ ಮೇಲೂ ಅದು ಸಡಿಲವಾಗಿರಲಿಲ್ಲ. ನಿನ್ನೆ ಊಟದ ನಡುವೆ ಅವಳು ಪತ್ರದ ಮಾತೆತ್ತಿದಾಗ, "ಆಫೀಸಿಗೆ ಬಂದು ಕೇಳು" ಎಂದು ಕೈತೊಳೆಯಲು ಎದ್ದಿದ್ದರು.

ಕೇಳಬೇಕಾದದ್ದು ಇಷ್ಟೇ. ಪಶುವೈದ್ಯ ಕಾಲೇಜಿನವರು ಶೇಕಡಾ ಅಂಕ ನೋಡುವುದಿಲ್ಲ; ಪ್ರತಿ ವಿಷಯಕ್ಕೂ ನಾಲ್ಕರೊಳಗೆ ಒಂದು ಗ್ರೇಡ್ ಪಾಯಿಂಟ್ ಕೊಟ್ಟು ಸರಾಸರಿ ತೆಗೆಯುತ್ತಾರೆ. ಅದು 3.4 ಆದರೂ ಇರಬೇಕು. ಅವರ ಪಟ್ಟಿಯಲ್ಲಿ ತೊಂಬತ್ತಕ್ಕೆ ನಾಲ್ಕು, ಅರವತ್ತರ ಕೆಳಗೆ ಸೊನ್ನೆ. ಅವಳ ಎಂಟು ವಿಷಯಗಳಲ್ಲಿ ಏಳಕ್ಕೆ ತೊಂದರೆಯಿರಲಿಲ್ಲ. ಎಂಟನೆಯದು ಅಪ್ಪನ ಪತ್ರಿಕೆ, ಐವತ್ತೆಂಟು. ಆ ಸೊನ್ನೆ ಸೇರಿದರೆ ಸರಾಸರಿ 2.92. ಓದಿಸಿದ ವಿಭಾಗದವರೇ 'ನಮ್ಮಲ್ಲಿ ಇಷ್ಟು ಅಂಕ ಬಂದರೆ ಇಂಥ ಗ್ರೇಡ್' ಎಂದು ಬರೆದುಕೊಟ್ಟರೆ ಮಾತ್ರ ತಮ್ಮ ಪಟ್ಟಿಯ ಬದಲು ಆ ಗ್ರೇಡನ್ನು ಒಪ್ಪುತ್ತಾರೆ. ಪತ್ರ ಇವತ್ತೇ ಹೋಗಬೇಕು. ಹೋದ ವರ್ಷ ಈ ಸೊನ್ನೆಗೇ ಅವಳನ್ನು ಕೈಬಿಟ್ಟಿದ್ದರು. ಮೂರನೆಯ ಸಲ ಅರ್ಜಿ ಹಾಕಲು ಅಲ್ಲಿ ಅವಕಾಶವಿಲ್ಲ.

"ಐವತ್ತೆಂಟು ಎಲ್ಲಿಗೆ ಹೋದ್ರೂ ಐವತ್ತೆಂಟೇ," ಎಂದರು ಅವರು. "ಅದಕ್ಕೆ ಬಣ್ಣ ಬಳಿಯೋ ಕೆಲಸ ಈ ವಿಭಾಗದ್ದಲ್ಲ."

"ಉತ್ತರದ ಮುಂದೆ ಏಕಮಾನ ಬರೀದಿದ್ರೆ ನೀವು ಅಡ್ಡಗೆರೆ ಹಾಕ್ತಿದ್ರಲ್ಲ ಸರ್? ಐವತ್ತೆಂಟು ಏನು? ಡಿಗ್ರಿನಾ, ಗ್ರಾಮಾ? ಯಾವ ಅಳತೇಲಿ ಅಂತ ಹೇಳಿ ಅಂತಿದೀನಿ, ಅಷ್ಟೆ. ಈ ಪತ್ರಿಕೇಲಿ ಯಾರಿಗಾದ್ರೂ ಎಪ್ಪತ್ತು ಕೊಟ್ಟಿದೀರಾ?"

"ಎಪ್ಪತ್ತಕ್ಕೆ ಯೋಗ್ಯರು ಬಂದಿಲ್ಲ."

"ನೀವೇ ಬರೆದಿದ್ರೆ ಎಷ್ಟು ಬರ್ತಿತ್ತು?"

ಅವರು ಕನ್ನಡಕ ತೆಗೆದು ಯೋಚಿಸಿದರು. ನಿಜವಾಗಿಯೂ ಲೆಕ್ಕ ಹಾಕುತ್ತಿದ್ದರು. "ಅರವತ್ತೆಂಟು," ಎಂದರು.

ಅವಳಿಗೆ ನಗು ಬರಲಿಲ್ಲ. ಅವರಿಗೂ ಬರಲಿಲ್ಲ. ಆದರೆ ಆ ಸಂಖ್ಯೆ ಬಾಯಿಂದ ಬಂದ ಮೇಲೆ ಅವರು ಕಂಪ್ಯೂಟರಿನ ಕಡೆ ತಿರುಗಿ, ಎರಡೇ ಬೆರಳಲ್ಲಿ ಕುಟ್ಟುತ್ತ ಪತ್ರ ಬರೆದರು. ಅಚ್ಚಾಗಿ ಬಂದ ಹಾಳೆಯನ್ನು ಅವಳ ಕಡೆ ತಳ್ಳಿದರು. ಅರವತ್ತು ಮತ್ತು ಮೇಲ್ಪಟ್ಟು, ಎ ಗ್ರೇಡ್. ಐವತ್ತರಿಂದ ಐವತ್ತೊಂಬತ್ತು, ಬಿ. ಸಹಿಯ ಮೇಲೆ ಇನ್ನೊಂದು ಸಾಲಿತ್ತು: 'ಸದರಿ ವಿದ್ಯಾರ್ಥಿನಿಯು ಕೆಳಗೆ ಸಹಿ ಮಾಡಿದವರ ಮಗಳು.'

"ಬಿ ಅಂದ್ರೆ ಮೂರು. ಒಟ್ಟು 3.3 ಬರತ್ತೆ, ಸಾಲಲ್ಲ. ಅದು ಹಾಳಾಗ್ಲಿ. ಈ ಕೊನೇ ಸಾಲು ಯಾಕೆ? ಇದನ್ನ ನೋಡಿದ ತಕ್ಷಣ ಕಸದ ಬುಟ್ಟಿಗೆ ಹಾಕ್ತಾರೆ."

"ಅದು ಸತ್ಯ. ಬಿಟ್ರೆ ಮೋಸ."

"ನನ್ನ ಪತ್ರಿಕೆ ತಿದ್ದುವಾಗ ಈ ಸತ್ಯ ಎಲ್ಲಿ ಮಲಗಿತ್ತು?" ಅವಳ ದನಿ ಏರಿತು. "ಮಗಳ ಪತ್ರಿಕೆ ಅಪ್ಪ ತಿದ್ದಬಾರ್ದು, ಬೇರೆಯವರಿಗೆ ಕೊಡ್ಬೇಕು ಅಂತ ಆವತ್ತು ಹೊಳೀಲಿಲ್ವಾ? ಕಡಿಮೆ ಕೊಟ್ರೆ ಯಾರೂ ಕೇಳಲ್ಲ ಅಂತ ಗೊತ್ತಿತ್ತಲ್ಲ!"

ಗೋಡೆಯಾಚೆಯ ಪ್ರಯೋಗಾಲಯದಲ್ಲಿ ಯಾರೋ ನಲ್ಲಿ ತಿರುಗಿಸಿ, ಮತ್ತೆ ನಿಲ್ಲಿಸಿದರು. ಅಪ್ಪ ಹಾಳೆಯನ್ನು ಹಿಂದಕ್ಕೆ ಎಳೆದುಕೊಂಡು ತಮ್ಮದೇ ಸಾಲನ್ನು ಇನ್ನೊಮ್ಮೆ ಓದಿದರು.

"ಹಾಗಾದ್ರೆ ಇದು ನಾನು ಬರೀಬಾರದ ಪತ್ರ," ಎಂದರು.

"ಹೌದು. ರಜೆ ಹಾಕಿ."

ಮುಖ್ಯಸ್ಥರು ರಜೆಯಲ್ಲಿದ್ದರೆ ಅಧಿಕಾರ ಎರಡನೇ ಮೇಷ್ಟ್ರಿಗೆ ಹೋಗುತ್ತದೆ. ಅವರು ಈ ಕುರ್ಚಿಗಾಗಿ ಜಗಳವಾಡಿ ಸೋತವರು. ಉಗ್ರಾಣದ ಪಕ್ಕದ ಕೋಣೆಯಲ್ಲಿ ಕೂತು, ಮುಖ್ಯಸ್ಥರನ್ನು 'ಕತ್ತರಿ' ಎಂದು ವಿದ್ಯಾರ್ಥಿಗಳ ಮುಂದೆಯೇ ಕರೆಯುವವರು. ಅಂಥವರಿಗೆ ಬೀಗದ ಕೈ ಕೊಡಬಾರದೆಂದೇ ಅಪ್ಪ ಜ್ವರ ಬಂದರೂ ಕಾಲೇಜಿಗೆ ಬರುತ್ತಿದ್ದರು. ಅದೆಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದಳು.

ಅಪ್ಪ ಅರ್ಧ ದಿನದ ರಜೆ ಬರೆದರು. ಬೀಗದ ಕೈಗಳನ್ನು ಮೇಜಿನ ಮೇಲಿಟ್ಟು, ಊಟದ ಚೀಲ ಎತ್ತಿಕೊಂಡು ಹೊರಗೆ ಹೋದರು. ಎಲ್ಲಿಗೆ ಹೋಗಬೇಕೆಂದು ತೋಚಲಿಲ್ಲವೇನೋ, ಬಾಗಿಲ ಪಕ್ಕದ ಬೆಂಚಿನ ಮೇಲೆಯೇ ಕೂತರು.

ಎರಡನೇ ಮೇಷ್ಟ್ರು ಕರೆ ಹೋದ ಕೂಡಲೇ ಬಂದರು. ಬೆಂಚಿನ ಮುಂದೆ ಒಂದು ಕ್ಷಣ ನಿಂತು, ಒಳಬಂದು, ಕುರ್ಚಿಯಲ್ಲಿ ಕೂತು ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿದರು.

"ಏನಮ್ಮಾ, ಕತ್ತರಿ ಸಾಣೆಗೆ ಹೋಯ್ತಾ?"

"ಪತ್ರ ಬೇಕಿತ್ತು ಸರ್."

"ಗೊತ್ತು. ನಿಮ್ಮ ಜಗಳ ಉಗ್ರಾಣದವರೆಗೂ ಕೇಳಿಸ್ತು." ಅವರು ಅವಳು ಪರೀಕ್ಷೆ ಬರೆದ ವರ್ಷದ ಫಲಿತಾಂಶ ತೆರೆದರು. ಕೆಲಸಕ್ಕೆ ಇಳಿದಾಗ ಅವರ ಮುಖದ ವ್ಯಂಗ್ಯ ಇಳಿಯಿತು. "ನಲವತ್ತು ಜನ. ಅರವತ್ತು ದಾಟಿದವನು ಒಬ್ಬನೇ. ನೀನು ಮೂರನೆಯವಳು. ಬೇರೆ ಪತ್ರಿಕೆಗಳಲ್ಲೆಲ್ಲ ಮೊದಲ ಹತ್ತನೇ ಒಂದು ಭಾಗಕ್ಕೆ ಎ ಕೊಡ್ತೀವಿ. ಅದೇ ಲೆಕ್ಕ ಇಲ್ಲಿಗೂ ಹಾಕಿದ್ರೆ ನಾಲ್ಕು ಜನ. ನಾಲ್ಕನೆಯವನದು ಐವತ್ತೇಳು. ಹಾಗಾಗಿ ಐವತ್ತೇಳು ಮತ್ತು ಮೇಲ್ಪಟ್ಟು, ಎ."

ಅವಳು ಮನಸ್ಸಿನಲ್ಲೇ ನಾಲ್ಕನ್ನು ಕೂಡಿಸಿದಳು. 3.42.

"ಅರವತ್ತು," ಎಂದಿತು ಹೊರಗಿನಿಂದ ಒಂದು ದನಿ.

ಎರಡನೇ ಮೇಷ್ಟ್ರು ಬಾಗಿಲ ಕಡೆ ನೋಡದೆ ದನಿ ಎತ್ತರಿಸಿದರು. "ಹೊರಗೆ ಯಾರೋ ಮಾತಾಡ್ತಿದಾರೆ. ಆಕ್ಷೇಪ ಇದ್ರೆ ರಜೆ ರದ್ದು ಮಾಡಿಸ್ಕೊಂಡು ಒಳಗೆ ಬರ್ಬಹುದು. ಲೆಕ್ಕ ಎಲ್ಲಿ ತಪ್ಪಿದೆ ಅಂತ ತೋರಿಸ್ಲಿ. ಕುರ್ಚಿ ಬಿಟ್ಟುಕೊಡ್ತೀನಿ."

ಬೆಂಚು ಕಿರುಗುಟ್ಟಿತು. ಅಪ್ಪ ಒಳಗೆ ಬಂದರೆ ಎಲ್ಲ ಮುಗಿಯಿತು. ಬರದೇ ಇರುವವರಲ್ಲ ಅವರು. ಒಂದು ತಪ್ಪು ದಶಾಂಶಕ್ಕೆ ತುಂಬಿದ ಸಭೆಯಲ್ಲಿ ಎದ್ದು ನಿಂತವರು. ಅವಳು ಬಾಗಿಲನ್ನೇ ನೋಡಿದಳು. ಹೊಸ್ತಿಲ ಮೇಲೆ ನೆರಳೊಂದು ಬಂದು ನಿಂತಿತು. ಸ್ವಲ್ಪ ಹೊತ್ತು ನಿಂತೇ ಇತ್ತು. ಆಮೇಲೆ ಇರಲಿಲ್ಲ.

ಮೊಹರು ಎರಡು ಸಲ ಬಿತ್ತು.

"ತಗೋ," ಎಂದರು ಎರಡನೇ ಮೇಷ್ಟ್ರು. "ನಿಮ್ಮಪ್ಪನಿಗೆ ಹೇಳು, ಕುರ್ಚಿ ಭಾರೀ ಮೆತ್ತಗಿದೆ ಅಂತ."

"ನೀವೇ ಹೇಳಿ ಸರ್. ಮಧ್ಯಾಹ್ನ ಬಂದು ಕೂರ್ತಾರಲ್ಲ." ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಥ್ಯಾಂಕ್ಸ್ ಹೇಳದೆ ಹೊರಗೆ ಬಂದಳು.

ಬೆಂಚು ಖಾಲಿಯಿತ್ತು. ಅಷ್ಟರಲ್ಲಿ ಗಂಟೆ ಹೊಡೆದು ತರಗತಿಗಳ ಬಾಗಿಲು ತೆರೆದುಕೊಂಡವು. ಮುಖ್ಯಸ್ಥರು ನಡೆದು ಬಂದರೆ ವಿದ್ಯಾರ್ಥಿಗಳು ಗೋಡೆಗೆ ಸರಿದು ದಾರಿ ಬಿಡುವುದು ಅಲ್ಲಿನ ವಾಡಿಕೆ. ಕಾರಿಡಾರಿನ ಆ ತುದಿಯಲ್ಲಿ ಅವಳಿಗೆ ಅಪ್ಪ ಕಂಡರು. ಊಟದ ಚೀಲವನ್ನು ಎದೆಗೆ ಒತ್ತಿಕೊಂಡು, ಬೆನ್ನನ್ನು ಗೋಡೆಗೆ ತಾಗಿಸಿ, ಗದ್ದಲದಲ್ಲಿ ಬರುತ್ತಿದ್ದ ಗುಂಪೆಲ್ಲ ದಾಟಿಹೋಗಲೆಂದು ನಿಂತಿದ್ದರು.