ಹಿಡಿ ಮಣ್ಣು

ಇದು ನಮ್ಮ ಮನೆಯ ಕಥೆಯಲ್ಲ, ಪಕ್ಕದ ಮನೆಯದು. ಹಗಲು ಅಂಗಡಿ ಕೆಲಸ ಮಾಡಿ, ಶಿವಮೊಗ್ಗದ ಸಂಜೆ ಕಾಲೇಜಿನಲ್ಲಿ ಓದಿದವಳು ನಾನು. ಹೇಳುವ ಧೈರ್ಯ ಮಾಡಿದ್ದಕ್ಕೆ ಕ್ಷಮೆಯಿರಲಿ. ತಪ್ಪಿದ್ದರೆ ಅದು ನನ್ನದು, ಸುಮನಾಳದ್ದಲ್ಲ.

ತೊಂಬತ್ತೆಂಟನೇ ಇಸವಿಯಲ್ಲಿ ಜನ್ನಾಪುರದ ನಮ್ಮ ಪಕ್ಕದ ಮನೆಯ ಮಹಾಂತಮ್ಮ ತೀರಿಕೊಂಡರು. ಅವರಿಗೆ ಇಬ್ಬರು ಮಕ್ಕಳು: ಮಗಳು ಸುಮನಾ, ಅವಳ ತಮ್ಮ ಶಿವಯೋಗಿ. ಶಿವಯೋಗಿಗೆ ಮೀಸೆ ಬಂದಿದ್ದರೂ ಬುದ್ಧಿ ಐದಾರು ವರ್ಷದ ಮಗುವಿನದು ಎನ್ನುತ್ತಿದ್ದರು. ಅಂಗಿಯ ಗುಂಡಿಯನ್ನೂ ತಾಯಿಯೇ ಹಾಕಬೇಕಿತ್ತು.

ಮಣ್ಣಿಗೆ ಹೊರಡುವಾಗ ಅವನೂ ಚಪ್ಪಲಿ ಮೆಟ್ಟಿದ. ದೊಡ್ಡಪ್ಪ ಏಕಾಂತಪ್ಪ ತಡೆದರು.

"ಅವನಿಗೇನು ತಿಳಿಯುತ್ತೆ? ಅಲ್ಲಿ ರಂಪ ಮಾಡ್ತಾನೆ. ಕೇಳಿದ್ರೆ ಅವ್ವ ಹೊಳೆಹೊನ್ನೂರಿಗೆ ಹೋಗಿದ್ದಾಳೆ ಅನ್ನಿ."

ಮನೆಯ ಹಿರಿಯರ ಮಾತು. ಅವನನ್ನು ಕೋಣೆಯಲ್ಲಿ ಕೂಡಿ ಹಾಕಿದರು. ಸಮಾಧಿಗೆ ಎಲ್ಲರೂ ಹಿಡಿ ಮಣ್ಣು ಹಾಕಿದರು, ಮಗನೊಬ್ಬ ಬಿಟ್ಟು.

ಆಮೇಲೆ ಹೊಳೆಹೊನ್ನೂರಿನ ಬಸ್ಸು ಬಂದಾಗಲೆಲ್ಲ ಶಿವಯೋಗಿ ಸ್ಟ್ಯಾಂಡಿಗೆ ಓಡುತ್ತಿದ್ದ. ಇಳಿಯುವವರ ಮುಖ ನೋಡಿ ವಾಪಸು ಬರುತ್ತಿದ್ದ. ಊಟ ಬಿಟ್ಟ. ಗೋಡೆಗೆ ಹಣೆ ಚಚ್ಚಿಕೊಂಡ. ಕೊನೆಗೆ ಬಸ್ಸಿಗೂ ಏಳದೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

"ಡಾಕ್ಟರ ಹತ್ರ ಹೋಗೋಣ ದೊಡ್ಡಪ್ಪ," ಎಂದಳು ಸುಮನಾ.

"ಹುಟ್ಟಿದಾಗಿಂದ ಹಾಗೇ ಇದಾನಲ್ಲ ಮಾರಾಯ್ತಿ! ಅವನಿಗೂ ಒಂದು ಮನಸ್ಸು, ಅದಕ್ಕೊಂದು ಕಾಯಿಲೆಯಾ?" ಎಂದು ನಕ್ಕು, ನಿದ್ದೆ ಮಾತ್ರೆ ತಂದುಕೊಟ್ಟರು.

ಅವನ ಪಕ್ಕೆಲುಬು ಎದ್ದು ಕಂಡ ಮೇಲೆ, ಯಾರಿಗೂ ಹೇಳದೆ ಸುಮನಾ ಅವನನ್ನು ಶಿವಮೊಗ್ಗದ ದುರ್ಗಿಗುಡಿಯ ಮನೋವೈದ್ಯೆಯ ಬಳಿ ಕರೆದೊಯ್ದಳು. ಜೊತೆಗೆ ನಾನೂ ಹೋದೆ. ಆ ಡಾಕ್ಟರು ನಮ್ಮನ್ನು ಕೇಳಲಿಲ್ಲ, ಅವನನ್ನೇ ಕೇಳಿದರು. ಶಿವಯೋಗಿ, "ಅವ್ವ ಬಸ್ಸು ಇಳೀಲಿಲ್ಲ," ಎಂದ.

"ಬುದ್ಧಿ ಕಮ್ಮಿ ಇದ್ರೆ ದುಃಖಾನೂ ಕಮ್ಮಿ ಅಂದ್ಕೊಂಡ್ರಾ? ಇದು ಖಿನ್ನತೆ. ಮಾತ್ರೆ ಕೊಡ್ತೀನಿ. ಆದರೆ ಮೊದಲು ನಿಜ ಹೇಳಿ," ಎಂದರು ಡಾಕ್ಟರು.

ಸುಮನಾ ಅವನನ್ನು ರುದ್ರಭೂಮಿಗೆ ಕರೆದೊಯ್ದು ನಿಜ ಹೇಳಿದಳು. ಅವನು ಹಿಡಿ ಮಣ್ಣು ಹಾಕಿ, ಅಲ್ಲೇ ಕೂತು ಅತ್ತ. ತಿಂಗಳುಗಳು ಕಳೆದ ಮೇಲೆ ತಾನಾಗಿಯೇ ತಟ್ಟೆಗೆ ಕೈ ಹಾಕಿದ.

ಅವನು ಸುಧಾರಿಸಿದ. ಸುಮನಾ ಮರೆಯಲಿಲ್ಲ. "ದೊಡ್ಡಪ್ಪನ ಆ ಮಾತು ಅವರಿಗೇ ತಿರುಗಿ ಬರಬೇಕು. ಅಲ್ಲೀವರೆಗೂ ನನಗೆ ಸಮಾಧಾನ ಇಲ್ಲ ಕಣೇ," ಎನ್ನುತ್ತಿದ್ದಳು.

ಐದು ವರ್ಷದ ಮೇಲೆ ಏಕಾಂತಪ್ಪನವರಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಎಡಗೈ, ಕಣ್ಣು ಮಾತ್ರ ಆಡುತ್ತಿದ್ದವು. ಹೆಂಡತಿ ಪ್ರೇಮಮ್ಮನಿಗೆ ಆಗದೆಂದು ಸುಮನಾ ದಿನವೂ ಹೋಗಿ ಗಂಜಿ ಕುಡಿಸಿ ಬರುತ್ತಿದ್ದಳು. ಊರು ಅವಳನ್ನು ಹೊಗಳಿತು. ಅವಳು ಕಾಯುತ್ತಿದ್ದಾಳೆಂದು ನನಗೊಬ್ಬಳಿಗೇ ಗೊತ್ತಿತ್ತು.

ಒಂದು ಬೆಳಿಗ್ಗೆ ಪ್ರೇಮಮ್ಮನೇ ಹೋಗಿಬಿಟ್ಟರು. ಹೆಣ ಎತ್ತುವ ಮುಂಚೆ ಮಗ ಪ್ರಸನ್ನಕುಮಾರ್ ಬಂದು, "ಅಪ್ಪನ್ನ ಕುರ್ಚೀಲಿ ಕೂರಿಸ್ಕೊಂಡು ಹೋಗೋಣ್ವಾ ಅಕ್ಕ? ನೋಡ್ಕೊಳ್ತಾ ಇರೋಳು ನೀನು, ನೀನೇ ಹೇಳು," ಎಂದ.

ಸುಮನಾ ಮಂಚದ ಪಕ್ಕಕ್ಕೆ ಹೋಗಿ, ದೊಡ್ಡಪ್ಪನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು. "ಅವರಿಗೇನು ತಿಳಿಯುತ್ತೆ ಮಾರಾಯ? ಕೇಳಿದ್ರೆ ದೊಡ್ಡಮ್ಮ ಹೊಳೆಹೊನ್ನೂರಿಗೆ ಹೋಗಿದ್ದಾರೆ ಅನ್ನೋಣ."

ಏಕಾಂತಪ್ಪನವರ ಎಡಗೈ ಮಂಚದ ಪಟ್ಟಿಯನ್ನು ಬಡಿಯತೊಡಗಿತು. ಬಡಿಯುತ್ತಲೇ ಇತ್ತು. ಸುಮನಾ ಹೊರಬಂದು ಬಾಗಿಲು ಎಳೆದುಕೊಂಡಳು. ನನಗೆ ಸಂತೋಷವಾಯಿತು. ಆಗಲಿಲ್ಲ ಎಂದು ಬರೆಯಲಾರೆ.

ರುದ್ರಭೂಮಿಯಲ್ಲಿ ಶಿವಯೋಗಿ ಒಂದು ಹಿಡಿ ಮಣ್ಣು ಹಾಕಿದ. ಇನ್ನೊಂದು ಹಿಡಿ ತೆಗೆದುಕೊಂಡವನು ಮುಷ್ಟಿ ಬಿಚ್ಚಲೇ ಇಲ್ಲ. ಮನೆಗೆ ಬಂದು, ಎಲ್ಲರೂ ಸ್ನಾನಕ್ಕೆ ಹೋದರೆ ಅವನು ನೇರ ದೊಡ್ಡಪ್ಪನ ಕೋಣೆಗೆ ನುಗ್ಗಿದ. ಆ ಎಡಗೈಗೆ ಮಣ್ಣು ಸುರಿದು, ಬೆರಳು ಒಂದೊಂದಾಗಿ ಮಡಚಿದ.

"ದೊಡ್ಡಮ್ಮ ಬರಲ್ಲ. ಬಸ್ಸು ಕಾಯಬೇಡಿ."

ಏಕಾಂತಪ್ಪನವರ ಗಂಟಲಿಂದ ಬಂದ ದನಿ ಬಚ್ಚಲವರೆಗೂ ಕೇಳಿಸಿತು. ಸುಮನಾ ಓಡಿಬಂದು ಮಣ್ಣು ಕಿತ್ತುಕೊಳ್ಳಲು ನೋಡಿದಳು. "ಕೊಡಬೇಡ ಕಣೋ! ಅವತ್ತು ಅವ್ವನ ಮಣ್ಣು ನಿಂಗೆ ಯಾರು ತಂದುಕೊಟ್ರು?" ದೊಡ್ಡಪ್ಪನ ಮುಷ್ಟಿ ಬಿಚ್ಚಲಾಗಲಿಲ್ಲ.

ಈಗ ಸುಮನಾ, "ನನಗಿಂತ ಚೆನ್ನಾಗಿ ಸೇಡು ತೀರಿಸಿದ ನನ್ನ ತಮ್ಮ," ಎಂದು ಹೇಳಿಕೊಂಡು ತಿರುಗುತ್ತಾಳೆ. ಒಮ್ಮೆ ಶಿವಯೋಗಿಯನ್ನೇ, ಅವತ್ತು ದೊಡ್ಡಪ್ಪನಿಗೆ ಏನು ಕೊಟ್ಟೆ ಎಂದು ಕೇಳಿದೆ. ಅವನು ತನ್ನ ಅಂಗೈ ನೋಡಿಕೊಂಡು, "ಮಣ್ಣು," ಎಂದ, ಅಷ್ಟೆ.

ಅವನು ಕೊಟ್ಟದ್ದು ಸೇಡೋ ಸಮಾಧಾನವೋ, ನನಗೆ ಗೊತ್ತಿಲ್ಲ.